ಸೂಜಿ ಹೊರಗೆ ಬರುವ ತನಕ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಈ ಗಾದೆ ಕಟ್ಟಿದ ಪುಣ್ಯಾತ್ಮ ಮುಂಬಯಿಯ ಪರೇಲಿನ ನಮ್ಮ ಆಸ್ಪತ್ರೆಗೆ ಒಮ್ಮೆಯೂ ಕಾಲಿಟ್ಟಿರಲಿಕ್ಕಿಲ್ಲ. ಅಲ್ಲಿ ಊಟ ಬಲ್ಲ ಕಾಂತಪ್ಪ ರೋಗಿಯಾಗಿ ಕೂತಿದ್ದ. ಮಾತು ಬಲ್ಲ ರಾಚವ್ವ ಬೆಳಗಾದರೆ ಸಾಕು, ಜಗಳಕ್ಕೆ ನಿಲ್ಲುತ್ತಿದ್ದಳು. ಆ ಜಗಳದಿಂದಲೇ ಕಾಂತಪ್ಪ ಉಳಿದುಕೊಂಡ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವನನ್ನು ಮುಳುಗಿಸುವ ಕೆಲಸದಲ್ಲಿ ನನ್ನ ಕೈಯೂ ಸ್ವಲ್ಪ ಇತ್ತು ಎಂಬುದನ್ನು ಮುಚ್ಚಿಡದೆ ಹೇಳಿಬಿಡುತ್ತೇನೆ.

ನಾನು ನೀಲಕಂಠಪ್ಪ, ಧಾರವಾಡದವನು. ಆ ಆಸ್ಪತ್ರೆಯಲ್ಲಿ ವಾರ್ಡಿನ ಕ್ಲಾರ್ಕ್ ಆಗಿದ್ದೆ. ಬೊರಿವಲಿಯಿಂದ ಲೋಕಲ್ ಹಿಡಿದು ದಾದರಿಗೆ ಬಂದು, ಅಲ್ಲಿಂದ ನಡೆದು, ಒಂಬತ್ತಕ್ಕೆ ಸರಿಯಾಗಿ ಕುರ್ಚಿಯಲ್ಲಿರುತ್ತಿದ್ದೆ. ನನ್ನ ಅಕ್ಷರ ಮುತ್ತಿನ ಹಾಗಿದೆ ಎಂದು ನಾನೇ ಹೇಳಿಕೊಳ್ಳುತ್ತಿದ್ದೆ, ಬೇರೆ ಯಾರೂ ಹೇಳದ್ದರಿಂದ. ನನ್ನ ಮೇಜಿನ ಮೇಲೆ ಒಂದು ರಬ್ಬರ್ ಸಿಕ್ಕಾ ಇತ್ತು. ಅದನ್ನು ಒತ್ತುವಾಗ ನನಗೆ ಮಾಮಲೇದಾರನ ಗತ್ತು ಬರುತ್ತಿತ್ತು.

ರಾಚವ್ವ ವಿಜಾಪುರ ಜಿಲ್ಲೆಯ ಇಂಡಿ ಕಡೆಯವಳು, ಹೆಂಗಸರ ವಾರ್ಡಿನ ಆಯಾ. ವಯಸ್ಸು ನಲವತ್ತೈದರ ಆಸುಪಾಸು, ಹಣೆಯ ತುಂಬ ಕುಂಕುಮ, ಗಟ್ಟಿ ಕೈ, ಅದಕ್ಕಿಂತ ಗಟ್ಟಿ ಗಂಟಲು. ಗಂಡ ಶೆಟ್ಟೆಪ್ಪ ಪಕ್ಕದ ಮಿಲ್ಲಿನಲ್ಲಿ ಮಗ್ಗದ ಮೇಲಿದ್ದ. ಅವನು ಬಾಯಿ ಬಿಟ್ಟಿದ್ದನ್ನು ನಾನಂತೂ ಆಗ ಕೇಳಿರಲಿಲ್ಲ. ಆ ಮನೆಯ ಮಾತಿನ ರೇಷನ್ ಪೂರ್ತಿ ಹೆಂಡತಿಯ ಕಾರ್ಡಿಗೇ ಬರುತ್ತದೆ ಎಂದು ಅವರ ಚಾಳಿನ ನೆರೆಯವರು ನಗುತ್ತಿದ್ದರು. ಹೆಂಗಸರ ವಾರ್ಡಿನವಳಾದರೂ ವಾರಕ್ಕೆ ಎರಡು ದಿನ ಅವಳಿಗೆ ಗಂಡಸರ ವಾರ್ಡಿನಿಂದ ಕರೆ ಬರುತ್ತಿತ್ತು. ಅದು ರೂಲಿಗೆ ವಿರುದ್ಧ. ಆದರೆ ಕರೆಯುತ್ತಿದ್ದವರು ಬಡಾ ಡಾಕ್ಟರ್. ನಮ್ಮ ಆಸ್ಪತ್ರೆಯಲ್ಲಿ ರೂಲು ಅಂದರೆ ಅವರೇ.

ಕರೆಯುತ್ತಿದ್ದುದು ಎದೆಯ ನೀರು ತೆಗೆಯುವ ದಿನಗಳಲ್ಲಿ. ಲಿವರ್ ಕೆಟ್ಟವರಿಗೆ ಹೊಟ್ಟೆಯಲ್ಲಿ ನೀರು ನಿಲ್ಲುವುದು ಎಲ್ಲರಿಗೂ ಗೊತ್ತು. ಕೆಲವರಲ್ಲಿ ಆ ನೀರು ಮೇಲಕ್ಕೂ ಏರಿ ಶ್ವಾಸಕೋಶದ ಸುತ್ತ ತುಂಬಿಕೊಳ್ಳುತ್ತದೆ, ಹೆಚ್ಚಾಗಿ ಬಲಗಡೆಗೆ. ಆಗ ಮನುಷ್ಯ ಮಲಗಲಾರ, ನಾಲ್ಕು ಹೆಜ್ಜೆ ನಡೆಯಲಾರ, ಒಂದು ಮಾತು ಪೂರ್ತಿ ಆಡಲಾರ. ಅಂಥವರನ್ನು ಮಂಚದ ಅಂಚಿಗೆ ಕೂರಿಸಿ, ಮುಂದೆ ಎತ್ತರದ ಮೇಜು, ಮೇಜಿನ ಮೇಲೆ ದಿಂಬು ಇಟ್ಟು, ಕೈಕಟ್ಟಿಸಿ ಅದರ ಮೇಲೆ ಬಾಗಿಸುತ್ತಿದ್ದರು. ಡಾಕ್ಟರ್ ಬೆನ್ನ ಹಿಂದೆ ನಿಂತು, ಎರಡು ಪಕ್ಕೆಲುಬುಗಳ ನಡುವೆ ಮರಗಟ್ಟಿಸುವ ಮದ್ದು ಚುಚ್ಚಿ, ಆಮೇಲೆ ಉದ್ದನೆಯ ಸೂಜಿ ಇಳಿಸುತ್ತಿದ್ದರು. ಪಿಚಕಾರಿಯಿಂದ ಎಳೆದ ನೀರು ರಬ್ಬರ್ ನಳಿಗೆಯ ಮೂಲಕ ಬಾಟಲಿಗೆ ಬೀಳುತ್ತಿತ್ತು, ತಿಳಿ ಹಳದಿ ಬಣ್ಣದ್ದು. ಅರ್ಧ ಗಂಟೆಯ ಕೆಲಸ. ಅಷ್ಟು ಹೊತ್ತು ರೋಗಿ ಅಲುಗಾಡಬಾರದು, ಕೆಮ್ಮಬಾರದು, ನಗಬಾರದು, ಮಾತಾಡಬಾರದು. ಒಳಗೆ ಸೂಜಿಯ ಮೊನೆ ಶ್ವಾಸಕೋಶದ ಪಕ್ಕದಲ್ಲೇ ಇರುತ್ತದೆ, ಹುಡುಗಾಟವಲ್ಲ.

ಬೇರೆ ಆಯಾಗಳು ‘ಹೆದರಬೇಡ, ಹೆದರಬೇಡ’ ಎಂದು ಹೇಳಿ ಹೇಳಿಯೇ ರೋಗಿಯನ್ನು ನಡುಗಿಸುತ್ತಿದ್ದರು. ರಾಚವ್ವನದು ಬೇರೆಯೇ ದಾರಿ. ಅವಳು ರೋಗಿಯ ಎದುರು ಸ್ಟೂಲ್ ಹಾಕಿ ಕೂತು, ಎರಡೂ ಹೆಗಲ ಮೇಲೆ ಕೈಯೂರಿ, ಜಗಳ ತೆಗೆಯುತ್ತಿದ್ದಳು. ಮರಾಠಿ, ಹಿಂದಿ, ಕನ್ನಡ, ಯಾವುದಾದರೂ ಸೈ. ದರ್ಜಿಯಾದರೆ ಅವನು ಹೊಲಿದ ಜಂಪರಿಗೆ ಒಂದು ತೋಳು ಉದ್ದ, ಒಂದು ಗಿಡ್ಡ ಎನ್ನುವಳು. ಲೋಕಲ್ ಓಡಿಸುವವನಾದರೆ ಅವನ ಗಾಡಿಗಿಂತ ತನ್ನ ಊರಿನ ಎಮ್ಮೆ ವೇಳೆಗೆ ಸರಿಯಾಗಿ ಬರುತ್ತದೆ ಎನ್ನುವಳು. ಬೈಸಿಕೊಂಡವನಿಗೆ ತಿರುಗಿ ಮಾತಾಡುವ ಹಾಗಿಲ್ಲ. ‘ಸೂಜಿ ಹೊರಗ ಬರೂತನಾ ಮಾತಿಲ್ಲ’ ಎಂದು ಅವಳು ಮೊದಲೇ ಕಟ್ಟು ಮಾಡಿರುತ್ತಿದ್ದಳು. ಅವನು ಒಳಗೊಳಗೇ ಉತ್ತರ ಕೂಡಿಸುತ್ತ, ಹಲ್ಲು ಕಚ್ಚಿ ಕೂರುತ್ತಿದ್ದ. ಅಷ್ಟರಲ್ಲಿ ಬಾಟಲಿ ತುಂಬಿರುತ್ತಿತ್ತು.

ಅವಳಿಗೆ ಇನ್ನೊಂದು ವಿದ್ಯೆಯೂ ಇತ್ತು. ಬಡಾ ಡಾಕ್ಟರ್ ರೋಗಿಯ ಬೆನ್ನಿಗೆ ಅಂಗೈ ಹಚ್ಚಿ ‘ಏಕ್, ದೋ, ತೀನ್ ಬೋಲೋ’ ಎನ್ನುವುದನ್ನು ನೋಡಿ, ಯಾಕೆಂದು ಒಮ್ಮೆ ಕೇಳಿದ್ದಳಂತೆ. ಶ್ವಾಸಕೋಶ ಬಿಚ್ಚಿಕೊಂಡಿದ್ದರೆ ಮಾತಾಡಿದ ದನಿ ಬೆನ್ನಿನಿಂದ ಅಂಗೈಗೆ ಗುಂಯ್ ಎಂದು ಬರುತ್ತದೆ, ನಡುವೆ ನೀರು ನಿಂತಿದ್ದರೆ ಬರುವುದಿಲ್ಲ ಎಂದು ಅವರು ಹೇಳಿದ್ದರು. ಅಂದಿನಿಂದ ವಾರ್ಡಿನಲ್ಲಿ ಬೆನ್ನಿದ್ದವರೆಲ್ಲ ಅವಳ ಪಾಲಾದರು. ಕೈ ಇಟ್ಟು, ಕಣ್ಣು ಮುಚ್ಚಿ, ‘ಬಂತು’ ಅಥವಾ ‘ಬರವಲ್ದು’ ಎನ್ನುವಳು. ಡಾಕ್ಟರ್ ಮೊದಲು ಗದರಿದರು. ಆಮೇಲೆ ತಾವೇ ‘ಕೈಗೆ ಬಂತೇನು ರಾಚವ್ವಾ?’ ಎಂದು ಕೇಳತೊಡಗಿದರು.

ಐವತ್ತಾರರ ಜುಲೈ ತಿಂಗಳಲ್ಲಿ ಕಾಂತಪ್ಪ ಬಂದ. ಉಡುಪಿ ಕಡೆಯವನು, ಗ್ರಾಂಟ್ ರೋಡಿನ ಹೋಟೆಲೊಂದರ ಅಡುಗೆಯವನು, ಮೂವತ್ತನಾಲ್ಕು ವರ್ಷ. ಅವನ ಸಾಂಬಾರಿಗಾಗಿ ಜನ ಟ್ರಾಮ್ ಬದಲಿಸಿ ಬರುತ್ತಿದ್ದರಂತೆ. ಈಗ ಮಲಗಲಾರದೆ ಗೋಡೆಗೆ ಒರಗಿ ಕೂತಿದ್ದ. ಮೂರು ಶಬ್ದಕ್ಕೊಮ್ಮೆ ಉಸಿರಿಗೆ ನಿಲ್ಲುತ್ತಿದ್ದ. ಲಿವರ್ ಎಂದ ಕೂಡಲೇ ಎಲ್ಲರಿಗೂ ಒಂದೇ ಅನುಮಾನ. ಪಾನನಿರೋಧದ ಕಾಲ ಬೇರೆ. ಪೊಲೀಸರಿಗಿಂತ ಮೊದಲು ಪಕ್ಕದ ಮಂಚದವನು ವಿಚಾರಣೆ ನಡೆಸಿದ, ಸರಕು ಎಲ್ಲಿ ಸಿಗುತ್ತದೆ ಎಂದು.

“ನಾನು ಕುಡಿದದ್ದು... ಕಾಫಿ ಮಾತ್ರ... ಮಾರಾಯ್ರೆ,” ಎಂದ ಕಾಂತಪ್ಪ, ಮೂರು ಕಂತಿನಲ್ಲಿ.

ಕುಡಿಯದವರಿಗೂ ಲಿವರ್ ಕೆಡುತ್ತದೆ, ಹಿಂದೆ ಬಂದ ಕಾಮಾಲೆಯಿಂದಲೂ ಕೆಡಬಹುದು ಎಂದು ಡಾಕ್ಟರ್ ಹೇಳಿದ ಮೇಲೆ ಅವನ ಮಾನ ಉಳಿಯಿತು. ನೀರು ಮಾತ್ರ ಹಾಗೇ ಇತ್ತು.

ಮೊದಲ ಸಲ ಸೂಜಿ ಹಾಕುವ ದಿನ ರಾಚವ್ವ ಅವನ ಎದುರು ಕೂತು ಕಸುಬು ವಿಚಾರಿಸಿದಳು. ಅಡುಗೆ ಎಂದ. ಅವಳ ಕಣ್ಣು ಮಿಂಚಿದವು.

“ಓಹೋ, ಸಾಂಬಾರಿಗೆ ಬೆಲ್ಲ ಹಾಕೂ ಮಂದಿ! ಯಾರರೆ ಬ್ಯಾಳಿಗೆ ಬೆಲ್ಲ ಹಾಕ್ತಾರೇನೋ ತಮ್ಮಾ? ಅದು ಸಾಂಬಾರೋ, ಪಾಯಸೋ? ನಮ್ಮ ಕಡೆ ಖಾರಬ್ಯಾಳಿ ಉಂಡ್ರ ಕಿವಿಯಾಗ ಹೊಗಿ ಬರಬೇಕು. ನಿಮ್ಮದು ಉಂಡ್ರ ಇರಿವಿ ಬರ್ತಾವ.”

ಕಾಂತಪ್ಪನ ಮುಖ ಕೆಂಪಾಯಿತು. ಬಾಯಿ ತೆರೆದ. ‘ಹ್ಞೂಂ, ಸೂಜಿ!’ ಎಂದು ಅವಳು ಹೆಗಲು ಒತ್ತಿದಳು. ಹಿಂದೆ ಡಾಕ್ಟರು ನಗು ತಡೆದುಕೊಂಡು ಪಿಚಕಾರಿ ಎಳೆಯುತ್ತಿದ್ದರು. ಎರಡು ಪಿಂಟ್ ನೀರು ಬಂತು. ಸೂಜಿ ಹೊರಗೆ ಬಂದು ಪಟ್ಟಿ ಅಂಟಿಸಿದ್ದೇ ತಡ, ಕಾಂತಪ್ಪ ಶುರು ಮಾಡಿದ.

“ನಿಮಗೆ ಎಂತ ಗೊತ್ತುಂಟು ರಾಚವ್ವಕ್ಕ? ಹುಣಸೆಹುಳಿಯ ಚೂಪು ಮುರಿಯಲಿಕ್ಕೆ ಒಂದು ಅಡಿಕೆಯಷ್ಟು ಬೆಲ್ಲ ಬೇಕು. ಬೆಲ್ಲ ನಾಲಿಗೆಗೆ ಸಿಕ್ಕಬಾರದು, ಹುಳಿಗೆ ಮಾತ್ರ ಸಿಕ್ಕಬೇಕು. ಅದನ್ನು ಕಲಿಯಲಿಕ್ಕೆ ನನಗೆ ಆರು ವರ್ಷ ಹಿಡಿದಿದೆ!”

ಎಲ್ಲಿಯೂ ನಿಲ್ಲದೆ ಹೇಳಿದ. ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ವಾರಿಜಾ ಸೆರಗು ಬಾಯಿಗೆ ಹಿಡಿದು ಅತ್ತುಬಿಟ್ಟಳು. ಗಂಡ ಒಂದು ಇಡೀ ಮಾತು ಆಡಿದ್ದನ್ನು ಕೇಳದೆ ಅವಳಿಗೆ ತಿಂಗಳಾಗಿತ್ತಂತೆ. ಅದು ಬೆಲ್ಲದ ಮಾತಾದರೇನು, ಅವಳಿಗೆ ವೇದವಾಗಿತ್ತು.

ಇನ್ನು ಉಪ್ಪು ಬೇಡ ಎಂದರು ಡಾಕ್ಟರ್. ಕಡಿಮೆ ಅಲ್ಲ, ಬೇಡವೇ ಬೇಡ. ಉಪ್ಪು ತಿಂದವ ನೀರು ಕುಡಿಯಲೇಬೇಕು ಎನ್ನುವುದು ನಮಗೆಲ್ಲ ಗೊತ್ತಿದ್ದ ಮಾತು. ಇವನು ಕುಡಿಯುವುದೂ ಬೇಡ, ತಿಂದ ಉಪ್ಪು ತಾನಾಗಿ ನೀರನ್ನು ಹಿಡಿದಿಟ್ಟು ಎದೆಗೆ ತರುತ್ತಿತ್ತು. ಆಸ್ಪತ್ರೆಯ ಸಪ್ಪೆ ಬೇಳೆಯನ್ನು ಕಾಂತಪ್ಪ ನೋಡಿಯೇ ಕಣ್ಣು ಮುಚ್ಚಿದ. ಎರಡು ದಿನ ಬರೀ ಹಾಲು ಕುಡಿದ. ಕಡೆಗೆ ಮನೆಯಿಂದ ಉಪ್ಪಿಲ್ಲದ ಊಟ ತರಿಸಿಕೊಳ್ಳಲು ಒಪ್ಪಿಗೆ ಸಿಕ್ಕಿತು. ಅದನ್ನು ವಿಚಾರಿಸಿ ಚೀಟಿಗೆ ಸಿಕ್ಕಾ ಒತ್ತುವ ಕೆಲಸ ನನ್ನದಾಯಿತು.

ವಾರಿಜಾ ದಿನಾ ಗ್ರಾಂಟ್ ರೋಡಿನಿಂದ ಟಿಫಿನ್ ಕ್ಯಾರಿಯರ್ ಹಿಡಿದು, ಮಳೆಯಲ್ಲಿ ನೆನೆದು ಬರುತ್ತಿದ್ದಳು. ನಾನು ಕನ್ನಡಕ ಏರಿಸಿ, “ಉಪ್ಪು ಹಾಕಿದ್ದೀರೇನಮ್ಮಾ?” ಎಂದು ಕೇಳುತ್ತಿದ್ದೆ.

“ದೇವರಾಣೆ ಇಲ್ಲ ಸಾರ್. ಒಂದು ಹರಳೂ ಹಾಕಲಿಲ್ಲ.”

ಟಪ್ ಎಂದು ಸಿಕ್ಕಾ. ಅವಳು ಸುಳ್ಳು ಹೇಳುವ ಹೆಂಗಸಲ್ಲ ಎಂಬುದು ನೋಡಿದರೇ ತಿಳಿಯುತ್ತಿತ್ತು. ನಿಜಕ್ಕೂ ಅವಳು ಸುಳ್ಳು ಹೇಳಿರಲಿಲ್ಲ.

ಆದರೂ ಆರನೆಯ ದಿನಕ್ಕೆ ನೀರು ಮತ್ತೆ ತುಂಬಿತು. ತೆಗೆದರು. ಮತ್ತೆ ಆರು ದಿನಕ್ಕೆ ತುಂಬಿತು. ಮೂರನೆಯ ಸಲ ತೆಗೆದ ಮೇಲೂ ಅದೇ ಕಥೆ. ದಿನಕ್ಕೊಂದು ಪೌಂಡಿನಂತೆ ತೂಕ ಏರುವುದನ್ನು ನನ್ನ ಮುತ್ತಿನ ಅಕ್ಷರದಲ್ಲಿ ನಾನೇ ಬರೆಯುತ್ತಿದ್ದೆ. ಮೂತ್ರ ಇಳಿಸುವ ಇಂಜೆಕ್ಷನ್ ಕೊಟ್ಟರೂ ಪ್ರಯೋಜನ ಕಾಣಲಿಲ್ಲ. ಬಡಾ ಡಾಕ್ಟರಿಗೆ ಸಿಟ್ಟು ನೆತ್ತಿಗೇರಿತು.

“ನಮಕ್ ಕೌನ್ ದೇತಾ ಹೈ?” ಎಂದು ವಾರ್ಡಿನ ನಡುವೆ ನಿಂತು ಗುಡುಗಿದರು. ಯಾರೋ ಉಪ್ಪು ಕೊಡುತ್ತಿದ್ದಾರೆ! ನೀರಿನ ಜೊತೆ ಮೈಯ ಸತ್ವವೂ ಹೋಗುತ್ತದೆ, ಎಷ್ಟು ಸಲ ಅಂತ ತೆಗೆಯಲಿ? ಇನ್ನೊಂದೇ ಸಲ. ಆಮೇಲೂ ತುಂಬಿದರೆ ಮನೆಗೆ ಕರೆದುಕೊಂಡು ಹೋಗಿ ಎಂದು ವಾರಿಜಾಳಿಗೆ ನೇರವಾಗಿಯೇ ಹೇಳಿದರು. ಮನೆಗೆ ಎಂದರೆ ಏನೆಂದು ಅವಳಿಗೂ ಅರ್ಥವಾಯಿತು, ನನಗೂ ಅರ್ಥವಾಯಿತು. ಆ ದಿನ ಲೋಕಲ್‌ನಲ್ಲಿ ಸೀಟು ಸಿಕ್ಕರೂ ನಾನು ನಿಂತೇ ಹೋದೆ, ಕೂರಬೇಕೆಂದು ಹೊಳೆಯಲೇ ಇಲ್ಲ.

ಹೊರಡುವ ಮುನ್ನ ಡಾಕ್ಟರ್ ರಾಚವ್ವನನ್ನೂ ಕೇಳಿದ್ದರು, ನೀನೇನಾದರೂ ಕೊಟ್ಟೆಯಾ ಎಂದು. ಸೂಜಿಯ ದಿನ ಊಟ ಬಡಿಸುತ್ತಿದ್ದವಳು ಅವಳೇ ಆದ್ದರಿಂದ ಕೇಳಿದರು, ಅಷ್ಟೇ. ಅವಳು ಉತ್ತರ ಕೊಡಲಿಲ್ಲ. ಎರಡು ದಿನ ಯಾರ ಜೊತೆಗೂ ಮಾತೇ ಆಡಲಿಲ್ಲ. ಅವಳ ಬೈಗುಳಕ್ಕೆ ಹೆದರದಿದ್ದ ವಾರ್ಡು ಆ ಮೌನಕ್ಕೆ ಹೆದರಿತು. ಮೂರನೆಯ ದಿನ ನನ್ನ ಮೇಜಿನ ಮುಂದೆ ಮೈತುಂಬ ಹತ್ತಿಯ ಧೂಳು ಮೆತ್ತಿಕೊಂಡ ಒಬ್ಬ ಮನುಷ್ಯ ಬಂದು ನಿಂತ.

“ಸಾಹೇಬ್ರ, ನಮ್ಮಾಕಿಗೆ ಏನಾಗೇತ್ರಿ? ಮನ್ಯಾಗ ಬೈಯವಲ್ಲಳ್ರಿ.”

ಶೆಟ್ಟೆಪ್ಪನ ದನಿ ನಾನು ಕೇಳಿದ್ದು ಅದೇ ಮೊದಲು. ಪಾಪ, ಕಣ್ಣಲ್ಲಿ ನೀರಿತ್ತು.

ನಾಲ್ಕನೆಯ ಸಲದ ದಿನ ಬಂತು. ರಾಚವ್ವ ಬಂದಳು. ಸ್ಟೂಲ್ ಎಳೆದಳು, ಹೆಗಲ ಮೇಲೆ ಕೈಯೂರಿದಳು. ವಾರಿಜಾ ಕ್ಯಾರಿಯರ್ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಸೂಜಿ ಒಳಗೆ ಹೋಯಿತು. ಬೆಲ್ಲದ ಜಗಳ ಬರುತ್ತದೆಂದು ನಾವೆಲ್ಲ ಕಾಯುತ್ತಿದ್ದೆವು. ಅವಳು ಅದನ್ನು ತೆಗೆಯಲೇ ಇಲ್ಲ.

“ತಮ್ಮಾ, ನೀ ಅಡಗಿಯವನ ಅಲ್ಲ,” ಎಂದಳು ಮೆಲ್ಲಗೆ. “ನಾ ಬಂದಾಗೊಮ್ಮೆ ನಿನ್ನ ಡಬ್ಬಿ ನೋಡೀನಿ. ಬೆರಳಲೆ ಬಳಕೊಂಡು ಉಣತಿ, ಒಂದ್ ಅಗಳ ಉಳಸಂಗಿಲ್ಲ. ಉಪ್ಪಿಲ್ಲದ ಊಟಾನ ವಾರಗಟ್ಟಲೆ ಹಂಗ ಉಂಬಾಂವ ಎಂಥಾ ಅಡಗಿಯವ? ನಾಲಿಗಿ ಸತ್ತ ಹೋಗೇತಿ ನಿಂದು. ಕಟ್ಟಗೀನೂ ಒಂದ, ನಿನ್ನ ನಾಲಿಗೀನೂ ಒಂದ.”

ಕಾಂತಪ್ಪನ ಕಿವಿಯ ತುದಿ ಕೆಂಪೇರಿತು, ಕೊರಳಿನ ನರ ಉಬ್ಬಿತು. ಅಡುಗೆಯವನಿಗೆ ನಾಲಿಗೆ ಸತ್ತಿದೆ ಎನ್ನುವುದು ಹಾಡುವವನಿಗೆ ಕಿವುಡ ಎಂದಹಾಗೆ. ಅವನು ದಿಂಬನ್ನು ಹಿಂಡಿ ಹಿಡಿದು ಕೂತ. ಆ ಅರ್ಧ ಗಂಟೆ ಹೇಗೆ ತಡೆದನೋ ಶಿವನೇ ಬಲ್ಲ. ಸೂಜಿ ಹೊರಗೆ ಬಂತು. ಪಟ್ಟಿ ಅಂಟಿಸುವುದಕ್ಕೂ ಕಾಯಲಿಲ್ಲ.

“ನನ್ನ ನಾಲಿಗೆ ಸತ್ತದ್ದಾ? ನಮ್ಮ ವಾರಿಜಾಳ ಸೊಳೆ ಪಲ್ಯ ತಿಂದು ನೋಡಿ ಆಮೇಲೆ ಮಾತಾಡಿ! ಒಂದು ಹರಳು ಉಪ್ಪು ಹಾಕುವುದಿಲ್ಲ ಅವಳು, ಆದರೂ ಎಂತಹ ರುಚಿ! ಏಳು ಜನ್ಮ ಎತ್ತಿದರೂ ನಿಮಗೆ ಬರಲಿಕ್ಕಿಲ್ಲ!”

“ಸೊಳಿ ಅಂದ್ರ?”

“ಹಲಸಿನಕಾಯಿಯ ಸೊಳೆ. ಮೇ ತಿಂಗಳಲ್ಲಿ ಊರಿನಿಂದ ಭರಣಿ ತುಂಬ ಬಂದಿದೆ. ಎಳೆಯದಲ್ಲ, ಬಲಿತ ಕಾಯಿ ಆಗಬೇಕು. ಸೊಳೆ ಬಿಡಿಸಿ, ಭರಣಿಯಲ್ಲಿ ಒಂದು ಸುತ್ತು ಸೊಳೆ, ಒಂದು ಮುಷ್ಟಿ ಉಪ್ಪು, ಮತ್ತೆ ಒಂದು ಸುತ್ತು ಸೊಳೆ, ಒಂದು ಮುಷ್ಟಿ...”

ಅಲ್ಲಿಗೆ ನಿಂತ. ಈ ಸಲ ನಿಂತದ್ದು ಉಸಿರಿಗಲ್ಲ.

ಕಾಂತಪ್ಪ ಎರಡೂ ಕೈಯಿಂದ ತಲೆ ಹಿಡಿದುಕೊಂಡ. “ತೊಳೀತೇವೆ ರಾಚವ್ವಕ್ಕ,” ಎಂದ ಸಣ್ಣ ದನಿಯಲ್ಲಿ. “ಮೂರು ನೀರಲ್ಲಿ ತೊಳೀತೇವೆ. ತೊಳೆದ ಮೇಲೆ ಅದು ತರಕಾರಿ ಅಲ್ಲವಾ?”

ಅವರ ಕಡೆ ಮಳೆಗಾಲ ಪೂರ್ತಿ ಅದೇ ತರಕಾರಿ. ಉಪ್ಪಿನಲ್ಲಿ ಹಾಕಿಟ್ಟದ್ದನ್ನು ತೊಳೆದು ಹಿಂಡಿದರೆ ಅದರ ಉಪ್ಪು ಹೋಯಿತು ಎಂದೇ ಲೆಕ್ಕ. ಹುಟ್ಟಿದಂದಿನಿಂದ ಹಾಗೆ ತಿಂದ ಮೂವತ್ತನಾಲ್ಕು ವರ್ಷದ ಅಡುಗೆಯವನಿಗೂ ಅದು ಹೊಳೆದಿರಲಿಲ್ಲ. ಡಾಕ್ಟರ್ ಕ್ಯಾರಿಯರ್ ತರಿಸಿ, ಒಂದು ಸೊಳೆ ಬಾಯಿಗೆ ಹಾಕಿಕೊಂಡರು. ಅಗಿದರು. ಅಗಿದು ನುಂಗಿ, ಎರಡು ಲೋಟ ನೀರು ಕುಡಿದರು. ಆಮೇಲೆ ಹೊಟ್ಟೆ ಹಿಡಿದು ನಗತೊಡಗಿದರು. ಅವರು ಹಾಗೆ ನಕ್ಕದ್ದನ್ನು ನಾನು ಹಿಂದೆ ನೋಡಿರಲಿಲ್ಲ.

ವಾರಿಜಾ ಮಾತ್ರ ನೆಲಕ್ಕೆ ಕುಸಿದು, “ನಾನೇ ಹಾಕಿದ ಹಾಗಾಯಿತಲ್ಲ,” ಎಂದು ಅಳುತ್ತಿದ್ದಳು. ರಾಚವ್ವ ಎದ್ದುಹೋಗಿ ಅವಳನ್ನು ತಬ್ಬಿಕೊಂಡಳು.

“ಅಳಬ್ಯಾಡ ತಂಗೀ. ಉಪ್ಪ ನೀ ಹಾಕಿಲ್ಲ, ನಿಮ್ಮೂರು ಹಾಕೇತಿ.” ಆಮೇಲೆ ನನ್ನ ಕಡೆ ತಿರುಗಿದಳು. “ಕ್ಲಾರ್ಕ್ ಸಾಹೇಬ್ರ, ಸಿಕ್ಕಾ ಹೊಡಿಯೂ ಮುಂದ ಒಂದ್ ತುತ್ತು ಬಾಯಾಗ ಹಾಕ್ಕೊಂಡಿದ್ರ ನಿಮ್ಮ ಗಂಟೇನ್ರಿ ಹೋಗ್ತಿತ್ತು?”

ನಾನು ರಿಜಿಸ್ಟರಿನಲ್ಲಿ ಮುಖ ಮರೆಸಿಕೊಂಡೆ. ನಾಚಿಕೆಯಾಯಿತು, ನಿಜ. ಅದಕ್ಕಿಂತ ಹೆಚ್ಚಾಗಿ ಸಂತೋಷವಾಯಿತು. ಮೌನ ಮುರಿದ ರಾಚವ್ವ ಬೈದ ಮೊದಲಿಗರಲ್ಲಿ ನಾನೂ ಒಬ್ಬನಾಗಿದ್ದೆ.

ಅಂದಿನಿಂದ ಡಬ್ಬಿ ಬಂದರೆ ಮೊದಲ ತುತ್ತು ರಾಚವ್ವನಿಗೆ, ಆಮೇಲೆ ನನ್ನ ಸಿಕ್ಕಾ. ಭರಣಿ ನೆರೆಮನೆಗೆ ಹೋಯಿತು. ಕಾಂತಪ್ಪ ಮಂಚದ ಮೇಲೆ ಕೂತೇ ಹೆಂಡತಿಗೆ ಹೊಸ ಅಡುಗೆ ಹೇಳಿಕೊಟ್ಟ. ಪುನರ್ಪುಳಿಯ ಹುಳಿ, ಲಿಂಬೆ, ಕಾಳುಮೆಣಸು, ಶುಂಠಿ, ಹುರಿದ ಕೊತ್ತಂಬರಿ, ಕಾಯಿತುರಿ. ನಾಲಿಗೆಗೆ ಬೇರೆ ಕೆಲಸ ಕೊಟ್ಟರೆ ಅದು ಉಪ್ಪನ್ನು ಮರೆಯುತ್ತದೆ ಎಂದು ಅವನ ವಾದ. ಪೂರ್ತಿ ಮರೆಯಲಿಲ್ಲ ಎಂದು ಅವನೇ ಆಮೇಲೆ ಒಪ್ಪಿಕೊಂಡ. ಆರನೆಯ ದಿನ ತೂಕದ ಕಾಟಾದ ಮೇಲೆ ನಿಂತಾಗ ಮುಳ್ಳು ಮುಂದೆ ಹೋಗಲಿಲ್ಲ. ನಾನು ಎರಡು ಸಲ ನೋಡಿ ಬರೆದೆ. ಆಮೇಲೆ ಇಳಿಯತೊಡಗಿತು. ಇಂಜೆಕ್ಷನ್ನಿಗೂ ಈಗ ಕೈಗುಣ ಬಂತು. ಇನ್ನೊಮ್ಮೆ ಸ್ವಲ್ಪ ನೀರು ತೆಗೆದರು, ಮತ್ತೆ ತೆಗೆಯಬೇಕಾಗಿ ಬರಲಿಲ್ಲ. ಆದರೂ ರಾಚವ್ವ ಬೆನ್ನಿಗೆ ಕೈ ಇಟ್ಟು, “ಮ್ಯಾಲ ಬರ್ತದ, ಕೆಳಗ ಇನ್ನೂ ಬರವಲ್ದು,” ಎಂದು ತಲೆಯಾಡಿಸುತ್ತಿದ್ದಳು.

ಸೆಪ್ಟೆಂಬರ್ ಮುಗಿಯುವಾಗ ಕಾಂತಪ್ಪನನ್ನು ಬಿಟ್ಟರು. ಲಿವರ್ ಹೊಸದಾಗಿಲ್ಲ, ಉಪ್ಪು ಮುಟ್ಟಿದರೆ ನೀರು ಮತ್ತೆ ಬರುತ್ತದೆ, ತಿಂಗಳಿಗೊಮ್ಮೆ ಬಂದು ತೋರಿಸು ಎಂದು ಡಾಕ್ಟರ್ ಹೇಳಿ ಕಳಿಸಿದರು. ಅವನು ನಡೆದೇ ಗೇಟು ದಾಟಿದ. ಹೆಂಗಸರ ವಾರ್ಡಿನ ಕಿಟಕಿಯಿಂದ ರಾಚವ್ವ, “ಬೆಲ್ಲದ ಸ್ವಾಮೀ, ಮೆಲ್ಲಕ ನಡಿ!” ಎಂದು ಕೂಗಿದ್ದು ಪರೇಲಿಗೆಲ್ಲ ಕೇಳಿರಬೇಕು.

ನವೆಂಬರ್ ಒಂದನೆಯ ತಾರೀಖು ನಮ್ಮ ಕನ್ನಡ ಸೀಮೆಗಳೆಲ್ಲ ಒಂದೇ ರಾಜ್ಯವಾದವು. ಗ್ರಾಂಟ್ ರೋಡಿನ ಆ ಹೋಟೆಲಿನ ಮಾಲಕರು ಕನ್ನಡದವರಿಗೆಲ್ಲ ಎಲೆ ಹಾಕಿ ಊಟ ಇಟ್ಟಿದ್ದರು. ಕಾಂತಪ್ಪ ತಾನೇ ಆಸ್ಪತ್ರೆಗೆ ಬಂದು ರಾಚವ್ವನನ್ನೂ ಶೆಟ್ಟೆಪ್ಪನನ್ನೂ ನನ್ನನ್ನೂ ಕರೆದಿದ್ದ. ನಾವು ಕೂತ ಮೇಲೆ ಅವನೇ ಬಡಿಸಲು ಬಂದ. ಬೇರೇನಕ್ಕೂ ಮೊದಲು ರಾಚವ್ವನ ಎಲೆಯ ಎಡ ತುದಿಗೆ ಒಂದು ಚಿಟಿಕೆ ಉಪ್ಪು ಇಟ್ಟ. ಆಮೇಲೆ ನಮಗೆಲ್ಲ ಇಟ್ಟ. ಎಲ್ಲ ಬಡಿಸಿ ಮುಗಿಸಿ, ಉಪ್ಪಿಲ್ಲದೆ ಬೇರೆ ಮಾಡಿಟ್ಟ ಅಡುಗೆ ತಂದು, ನಮ್ಮ ಪಂಕ್ತಿಯಲ್ಲೇ ತನ್ನ ಎಲೆ ಹಾಕಿಕೊಂಡ. ಅದರ ಎಡ ತುದಿಯಲ್ಲಿ, ಉಪ್ಪಿನ ಜಾಗದಲ್ಲಿ, ಒಂದು ಹೋಳು ಲಿಂಬೆ ಇತ್ತು.

ರಾಚವ್ವ ಸಾಂಬಾರನ್ನು ಮೂರು ಸಲ ಹಾಕಿಸಿಕೊಂಡಳು. ಎಲೆ ತೊಳೆದ ಹಾಗೆ ಬಳಿದಳು. ಕೈ ತೊಳೆದು ಬಂದು, ಇನ್ನೂ ಊಟ ಮಾಡುತ್ತಿದ್ದ ಅವನ ಹಿಂದೆ ನಿಂತಳು.

“ಬೆಲ್ಲ ಭಾಳ ಆಗೇತಿ,” ಎಂದಳು. “ನಿನ್ನಿತನಾ ನಿಂದು ಮದ್ರಾಸ್, ನಂದು ಮುಂಬಯಿ ರಾಜ್ಯ, ಸುಮ್ಮ ಇದ್ದೆ. ಇವತ್ತಿಂದ ಇಬ್ಬರದೂ ಒಂದ ರಾಜ್ಯ. ನಮ್ಮ ರಾಜ್ಯದಾಗ ಬ್ಯಾಳಿಗೆ ಬೆಲ್ಲ ನಡಿಯೂದಿಲ್ಲ.”

ಹೋಟೆಲ್ ತುಂಬ ನಗು. ಕಾಂತಪ್ಪ ಎಲೆ ಬಿಟ್ಟು ನೆಟ್ಟಗೆ ಕೂತ. ಹುಣಸೆಯಿಂದ ಹಿಡಿದು ಬೆಲ್ಲದ ತನಕ, ಇಂಡಿಯ ಖಾರದಿಂದ ಉಡುಪಿಯ ತೆಂಗಿನ ತನಕ, ಎಲ್ಲಿಯೂ ತಡವರಿಸದೆ ಒಂದೇ ಸಮನೆ ಉತ್ತರ ಕೊಡತೊಡಗಿದ. ರಾಚವ್ವ ಮಾತ್ರ ತಿರುಗಿ ಒಂದು ಮಾತೂ ಆಡಲಿಲ್ಲ. ಅವಳು ಸೋತದ್ದನ್ನು ನಾನು ನೋಡಿಯೇ ಇರಲಿಲ್ಲ, ಆಶ್ಚರ್ಯದಿಂದ ಎದ್ದು ಹತ್ತಿರ ಹೋದೆ. ಅವಳ ಅಂಗೈ ಅವನ ಬೆನ್ನಿನ ಮೇಲಿತ್ತು, ಬಲಗಡೆ, ಸೂಜಿ ಹಾಕುತ್ತಿದ್ದ ಜಾಗದಲ್ಲಿ. ಕಣ್ಣು ಮುಚ್ಚಿದ್ದವು. ಕೈ ಮೆಲ್ಲಗೆ ಕೆಳಕ್ಕೆ, ಇನ್ನೂ ಕೆಳಕ್ಕೆ ಜಾರಿ, ಅಲ್ಲೇ ನಿಂತಿತು.

“ಬಂತ್ರೀ ಸಾಹೇಬ್ರ,” ಎಂದಳು ನನಗೆ, ಮುಚ್ಚಿದ ಕಣ್ಣಿಂದ ನೀರು ಇಳಿಯುತ್ತಿತ್ತು. “ಕೆಳಗಿನ ತನಾ ಬಂತು.”

ಕಾಂತಪ್ಪನಿಗೆ ಅದು ಕೇಳಿಸಲಿಲ್ಲ. ಅವನು ಬೆಲ್ಲದ ಪಾಕದ ಹದ ವಿವರಿಸುತ್ತಿದ್ದ. ಮುಗಿಸಿ, “ಈಗ ಎಂತ ಹೇಳ್ತೀರಿ ರಾಚವ್ವಕ್ಕ?” ಎಂದು ಕೇಳಿದ.

“ಏನೂ ಹೇಳೂದಿಲ್ಲ ತಮ್ಮಾ,” ಎಂದಳು, ಕೈ ತೆಗೆಯದೆ. “ನೀ ಮಾತಾಡು.”